ಕೂಲಿಮಠದಿಂದ ಊರಿನ ಶಾಲೆಗೆ: ಬೆಂಗಳೂರು ದಂಡಿನ ಪ್ರದೇಶದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಹೊಣೆ

ನಮ್ಮ ಹಿರಿಯರ ಆಡುಮಾತಿನಲ್ಲಿ 'ಮಠ' ಎಂಬ ಪದಕ್ಕೆ ಎರಡು ಅರ್ಥಗಳಿದ್ದುವು. ಗುರುಗಳು ವಾಸವಾಗಿದ್ದು ಪೂಜಾನುಷ್ಠಾನಗಳನ್ನು ನಡೆಯಿಸುವ ಸ್ಥಾನವು ಒಂದು. ಹುಡುಗರು ಓದುಬರಹಗಳನ್ನು ಕಲಿಯುವ ಸ್ಥಾನವು ಮತ್ತೊಂದು. 'ಹುಡುಗ ಮಠಕ್ಕೆ ಹೋಗಿದ್ದಾನೆ' ಎಂದು ತಾಯಿಯು ನುಡಿದರೆ, ಅವನು ಅಕ್ಷರ ತಿದ್ದಲು ಹೋಗಿರುವನೆಂದೇ ನೆರೆಹೊರೆಯವರು ತಿಳಿಯುತ್ತಿದ್ದರು. ಐಗಳು ಕಲಿಸುತ್ತಿದ್ದುದರಿಂದ ಅದಕ್ಕೆ ಐಗಳ ಮಠವೆಂದೂ, ಕಲಿಸಿದವರಿಗೆ ಹೆತ್ತವರು ಪ್ರತಿಫಲ ಕೊಡುತ್ತಿದ್ದುದರಿಂದ ಕೂಲಿಮಠವೆಂದೂ ಹೆಸರಾಯಿತು. ಈ ಎರಡನೆಯ ಹೆಸರು ಕಿವಿಗೆ ಅಷ್ಟು ಗೌರವವಾಗಿ ಕೇಳಿಸದಿದ್ದರೂ, ಶಾಲೆಯ ಹೊಣೆಯು ಯಾರ ಮೇಲಿತ್ತೆಂಬುದನ್ನು ಅದು ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ಶ್ರೀಮಠದ ಮಹೋತ್ಸವದ ಈ ಸಂಪುಟದಲ್ಲಿ ಆ ಎರಡನೆಯ ಮಠದ ಕಥೆಯನ್ನು, ಅದರಲ್ಲಿಯೂ ಬೆಂಗಳೂರಿನ ದಂಡು ಮತ್ತು ಅದರ ಮೂಡಣದ ಹಳ್ಳಿಗಳ ಮಟ್ಟಿಗೆ, ಸ್ವಲ್ಪ ವಿಚಾರಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಕೂಲಿಮಠಕ್ಕೆ ಪ್ರತ್ಯೇಕವಾದ ಕಟ್ಟಡವು ಬೇಕಾಗಿರಲಿಲ್ಲ. ದೇವಾಲಯದ ಕೈಸಾಲೆಯೋ, ಅನುಕೂಲಸ್ಥರ ಮನೆಯ ಜಗಲಿಯೋ ಸಾಕಾಗುತ್ತಿದ್ದಿತು. ಹುಡುಗರು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಿ, ಕೈ ಕುದುರಿದ ಮೇಲೆ ಕಪ್ಪು ಬಳಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮಹಾನವಮಿಯು ಬಂದಿತೆಂದರೆ ಮಠದ ಹುಡುಗರೆಲ್ಲರೂ ಕೋಲು ಹಿಡಿದು, ಚೌಪದಗಳನ್ನು ಹಾಡುತ್ತ ಮನೆಮನೆಗೂ ಹೋಗುವರು. ಆಯಾ ಮನೆಯವರು ಕೊಟ್ಟ ಕಾಸು, ಕಾಳು, ಬಟ್ಟೆಗಳು ಉಪಾಧ್ಯಾಯರಿಗೆ ಸಲ್ಲುವುವು. ಮಕ್ಕಳಿಲ್ಲದ ಮನೆಯ ಬಾಗಿಲಿಗೂ ಹುಡುಗರು ಹೋಗುತ್ತಿದ್ದರೆಂಬುದನ್ನು ಇಲ್ಲಿ ಗಮನಿಸಬೇಕು. ವರ್ಷಕ್ಕೊಮ್ಮೆಯಾದರೂ ಊರಿಗೆ ಊರೇ ಮಠದ ಖರ್ಚಿನಲ್ಲಿ ಪಾಲುಗೊಳ್ಳುತ್ತಿದ್ದಿತು.

ಇಂತಹ ಮಠಗಳ ಲೆಕ್ಕವನ್ನು ನಮ್ಮವರಾರೂ ಬರೆದಿಟ್ಟಂತಿಲ್ಲ. ಆದರೆ ಮದರಾಸು ಆಧಿಪತ್ಯದ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಅವರು ೧೮೨೨ರಲ್ಲಿ ತಮ್ಮ ಸೀಮೆಯ ಶಾಲೆಗಳ ವಿವರವನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರರಾದ ಕ್ಯಾಂಪ್‌ಬೆಲ್ಲರು ೧೮೨೩ರಲ್ಲಿ ಒಪ್ಪಿಸಿದ ವರದಿಯು ಕನ್ನಡನಾಡಿನ ಒಂದು ಭಾಗದ ಚಿತ್ರವನ್ನು ನಮಗೆ ಉಳಿಸಿಕೊಟ್ಟಿದೆ. ಆ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಕನ್ನಡದ ಶಾಲೆಗಳು ೨೩೫, ತೆಲುಗಿನವು ೨೨೬. ಉಳಿದವು ಮರಾಠಿ, ಪಾರಸಿ, ಸಂಸ್ಕೃತ ಮುಂತಾದವು. ಮುಂಜಾನೆ ಎಲ್ಲರಿಗಿಂತ ಮುಂಚೆ ಬಂದ ಬಾಲಕನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ತಡವಾಗಿ ಬಂದಷ್ಟೂ ಪೆಟ್ಟಿನ ಸಂಖ್ಯೆಯು ಏರುವುದು. ಮುಂದೆ ಕಲಿತ ಹುಡುಗರು ಹಿಂದಿನವರಿಗೆ ಕಲಿಸುವ ಕ್ರಮವನ್ನು ಕಂಡು ಕ್ಯಾಂಪ್‌ಬೆಲ್ಲರು ಬಹಳವಾಗಿ ಮೆಚ್ಚಿದರು. ಈ ಕ್ರಮವನ್ನೇ ಮದರಾಸಿನ ಸೈನಿಕರ ಅನಾಥಾಲಯದಲ್ಲಿ ಮೇಲ್ವಿಚಾರಕರಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯವರು ಅಳವಡಿಸಿ, ೧೭೯೭ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದು ಆಂಗ್ಲದೇಶದ ಬಡಮಕ್ಕಳ ಶಾಲೆಗಳಲ್ಲಿ 'ಮದರಾಸಿನ ಪದ್ಧತಿ'ಯೆಂದು ಹೆಸರಾಯಿತು. ಜಗಲಿಯ ಮರಳಿನಲ್ಲಿ ಬೆರಳಾಡಿಸಿದ ಹುಡುಗರಿಂದ ಸೀಮೆಯವರು ಪಾಠ ಕಲಿತರೆಂದು ನಾವು ಹೆಮ್ಮೆಪಟ್ಟುಕೊಂಡರೆ ತಪ್ಪೇನೂ ಇಲ್ಲ.

ಆದರೆ ಹೆಮ್ಮೆಯೊಂದನ್ನೇ ಇಟ್ಟುಕೊಂಡು ಅದೇ ವರದಿಯ ಉಳಿದ ಭಾಗಗಳನ್ನು ಮರೆಯಲಾಗದು. ೬,೬೪೧ ಮಂದಿಯಲ್ಲಿ ಹೆಣ್ಣುಮಕ್ಕಳು ಕೇವಲ ೬೦. ಊರಿನ ಹೊರಗೆ ವಾಸಮಾಡುತ್ತಿದ್ದವರ ಮಕ್ಕಳಿಗೆ ಜಗಲಿಯ ಮೇಲೆ ಎಡೆಯಿರಲಿಲ್ಲ. ಊರೆಲ್ಲವೂ ಮಠವನ್ನು ನಡೆಯಿಸುತ್ತಿದ್ದಿತೆಂದು ನಾವು ಹೇಳುವಾಗ 'ಊರು' ಎಂಬ ಮಾತಿಗೆ ಅಂದು ಎಷ್ಟು ಅಗಲವಿತ್ತೆಂಬುದನ್ನೂ ಅಳೆಯಬೇಕು. ಅದಲ್ಲದೆ, ಆ ೫೩೩ ಶಾಲೆಗಳಲ್ಲಿ ಒಂದಕ್ಕಾದರೂ ಸರ್ಕಾರದ ಸಹಾಯವಿರಲಿಲ್ಲ. ಪ್ರಜೆಗಳು ಬಡವರಾಗುತ್ತಿದ್ದಂತೆ ಶಾಲೆಗಳೂ ಕ್ಷೀಣಿಸುತ್ತಿವೆಯೆಂದು ಆ ಅಧಿಕಾರಿಯೇ ಸಂಕೋಚದಿಂದ ಒಪ್ಪಿಕೊಂಡನು. ಊರಿನ ಕೈಯೊಂದನ್ನೇ ನಂಬಿದ ಶಾಲೆಯು ಬರಗಾಲ ಬಂದರೆ ಮುಚ್ಚಿಹೋಗುತ್ತಿದ್ದಿತು.

ಇನ್ನು ಬೆಂಗಳೂರಿಗೆ ಬರೋಣ. ಶ್ರೀರಂಗಪಟ್ಟಣದ ಹವೆಯು ಒಗ್ಗದೆ ಇಂಗ್ಲಿಷರ ಪಡೆಯು ೧೮೦೯ರ ಸುಮಾರಿಗೆ ಹಲಸೂರಿನ ಕಡೆಯ ಬಯಲಿನಲ್ಲಿ ಬಂದು ನೆಲಸಿತು. ಸೋಮೇಶ್ವರ ದೇವಾಲಯವೂ ಕೆರೆಯೂ ಇದ್ದ ಹಲಸೂರು ಅದಕ್ಕೂ ಮುಂಚಿನಿಂದ ಇದ್ದ ಊರು. ಪಡೆಯ ಹಿಂದೆಯೇ ಮದರಾಸು ಸೀಮೆಯಿಂದ ಸಿಪಾಯಿಗಳು, ವರ್ತಕರು, ಗುತ್ತಿಗೆದಾರರು, ಗಾರೆ ಕೆಲಸದವರು, ಮನೆಗೆಲಸದವರು ಬಂದು ಸೇರಿದರು. ಮುಂದೆ ಶಿವಾಜಿನಗರವೆಂದು ಹೆಸರಾದ ಬ್ಲ್ಯಾಕ್‌ಪಲ್ಲಿಯ ಬೀದಿಗಳಲ್ಲಿ ತಮಿಳು, ಉರ್ದು, ತೆಲುಗು, ಕನ್ನಡಗಳು ಒಂದೇ ಅಂಗಡಿಯ ಮುಂದೆ ಕೇಳಿಬಂದುವು. ಕನ್ನಡದ ಕೂಲಿಮಠಕ್ಕೆ ಸರಿಸಮವಾಗಿ ತಮಿಳರಲ್ಲಿ 'ತಿಣ್ಣೈ' ಶಾಲೆಯಿದ್ದಿತು. ತಿಣ್ಣೈ ಎಂದರೂ ಜಗಲಿಯೇ. ಎರಡು ನುಡಿಯವರ ಬಡಶಾಲೆಗಳಿಗೂ ಇದ್ದುದು ಒಂದೇ ಬಗೆಯ ಆಸರೆ.

೧೮೮೧ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಹಿಂದಿರುಗಿದಾಗ ದಂಡಿನ ಪ್ರದೇಶವು ಮಾತ್ರ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. ಆ ಮೇಲೆ ೧೯೪೭ನೆಯ ಜುಲೈ ೨೬ರವರೆಗೆ ಒಂದು ವಿಚಿತ್ರವಾದ ಗಡಿಯು ಈ ಮೂಡಣ ದಿಕ್ಕಿನಲ್ಲಿ ಹಾದಿದ್ದಿತು. ಹಲಸೂರಿನ ಹುಡುಗನು ಒಂದು ಆಡಳಿತದ ಪ್ರಜೆ; ಅಲ್ಲಿಂದ ಕೆಲವು ಮೈಲಿಗಳಾಚೆಯ ಕೃಷ್ಣರಾಜಪುರದ ಹುಡುಗನು ಮತ್ತೊಂದರ ಪ್ರಜೆ. ಒಬ್ಬನ ಶಾಲೆಗೆ ಅನ್ವಯಿಸುವ ಕಾಯಿದೆಯು ಇನ್ನೊಬ್ಬನ ಶಾಲೆಗೆ ತಾನಾಗಿ ಸಲ್ಲದು. ಆದಕಾರಣ ಶಾಲೆಯ ಹೊಣೆಯ ಪ್ರಶ್ನೆಗೂ ಎರಡು ಕಡೆಗಳಲ್ಲಿ ಎರಡು ಬಗೆಯ ಉತ್ತರಗಳು ದೊರೆತುವು.

ಸಂಸ್ಥಾನದ ಹಳ್ಳಿಗಳಲ್ಲಿ ದೊರೆತ ಉತ್ತರವು ೧೮೬೮ರ ಹೋಬಳಿ ಶಾಲೆಗಳ ಯೋಜನೆ. ಅಂದು ವಿದ್ಯಾಭ್ಯಾಸದ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದವರು, ಮುಂದೆ ಶಾಸನಗಳ ಸಂಗ್ರಹದಿಂದ ಕನ್ನಡಿಗರಿಗೆಲ್ಲ ಚಿರಪರಿಚಿತರಾದ ಬಿ. ಎಲ್. ರೈಸ್ ಮಹಾಶಯರು. ಹೋಬಳಿಗೊಂದು ಶಾಲೆಯನ್ನು ಸರ್ಕಾರವು ಕೊಡುವುದು, ಆದರೆ ಶಾಲೆಗೆ ತಕ್ಕ ಮನೆಯನ್ನು ಊರಿನವರೇ ಒದಗಿಸಬೇಕು ಎಂಬುದು ಅದರ ತಿರುಳು. ಸರ್ಕಾರದ ಜಿಪುಣತನವೆಂದು ಇದನ್ನು ಕೆಲವರು ಬಗೆಯಬಹುದು. ಬೊಕ್ಕಸವನ್ನು ಉಳಿಸುವ ಯೋಚನೆಯು ಅದರಲ್ಲಿ ಇಲ್ಲದಿರಲಿಲ್ಲ. ಆದರೂ ಈ ಒಂದು ಕರಾರಿನಲ್ಲಿ ಕೂಲಿಮಠದ ಗುಣವು ಹೊಸ ಏರ್ಪಾಡಿಗೆ ಇಳಿದುಬಂದಿತೆಂದು ನನಗೆ ತೋರುತ್ತದೆ. ಜಾಗ ಕೊಟ್ಟವನೊಬ್ಬ, ತೊಲೆ ಕೊಟ್ಟವನೊಬ್ಬ, ಗಾಡಿಯಲ್ಲಿ ಕಲ್ಲು ಹೇರಿದವನೊಬ್ಬ. ಹೀಗೆ ಎದ್ದ ಮನೆಯ ಸೂರು ಸೋರಿದರೆ ಅದು ಊರಿನ ಮಾನದ ವಿಷಯವಾಗುವುದು. ಉಪಾಧ್ಯಾಯನ ಸಂಬಳವಾದರೋ ಬರಗಾಲದಲ್ಲಿಯೂ ನಿಲ್ಲದಂತೆ ಸರ್ಕಾರದಿಂದ ಬರುವುದು. ಹೊಣೆಯನ್ನು ಹೀಗೆ ಎರಡು ಕೈಗಳಿಗೆ ಹಂಚಿದುದು ಆ ಯೋಜನೆಯ ಜಾಣತನ.

ದಂಡಿನೊಳಗಿನ ಉತ್ತರವು ಬೇರೆಯಾಗಿದ್ದಿತು. ಅಲ್ಲಿ ಒಂದೇ ಕುಲದ, ಒಂದೇ ನುಡಿಯ ಊರೆಂಬುದಿರಲಿಲ್ಲ. ನಿನ್ನೆ ಬಂದವರ ಪಕ್ಕದಲ್ಲಿ ಇಂದು ಬಂದವರು. ಆದುದರಿಂದ ಮಿಷನ್ನುಗಳೂ ದಾನಿಗಳೂ ಮುಂದೆ ಬರಬೇಕಾಯಿತು. ಅವರಲ್ಲಿ ಮೊದಲು ನೆನೆಯಬೇಕಾದವರು ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಬಡತನದಿಂದ ಮೇಲೆ ಬಂದು ಗುತ್ತಿಗೆದಾರರಾಗಿ, ೧೮೬೮ರಲ್ಲಿ ಮುಗಿದ ಅಠಾರಾ ಕಚೇರಿಯ ಕೆಂಪು ಕಟ್ಟಡವನ್ನು ಕಟ್ಟಿಸಿಕೊಟ್ಟವರು ಇವರೇ. ಇಂದು ಅದು ಉಚ್ಚ ನ್ಯಾಯಾಲಯವಾಗಿದೆ. ಈ ಮಹನೀಯರು ೧೮೭೩ರಲ್ಲಿ ಶಾಲೆಯೊಂದನ್ನು ಸ್ಥಾಪಿಸಿದರು; ಅವರ ದತ್ತಿಯ ವಿದ್ಯಾಸಂಸ್ಥೆಗಳು ಆರ್.ಬಿ.ಎ.ಎನ್.ಎಂ. ಎಂಬ ಹೆಸರಿನಿಂದ ಹಲಸೂರು ಕೆರೆಯ ಆಸುಪಾಸಿನಲ್ಲಿ ಈಗಲೂ ನಡೆಯುತ್ತಿವೆ. ಒಬ್ಬನ ದಾನವೆಂಬುದು ಬಹುಮಂದಿಯ ಹೊಣೆಗೆ ಎದುರಾದದ್ದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ದಾನಿಯು ಗತಿಸಿದ ಮೇಲೆ ದತ್ತಿಯು ಬಾಳಬೇಕಾದರೆ ಧರ್ಮದರ್ಶಿಗಳು, ಉಪಾಧ್ಯಾಯರು, ಹಳೆಯ ವಿದ್ಯಾರ್ಥಿಗಳು ತಲೆಮಾರಿನ ಮೇಲೆ ತಲೆಮಾರು ಭುಜ ಕೊಡಬೇಕಾಗುವುದು. ಒಂದೂವರೆ ಶತಮಾನ ಉಳಿದ ಶಾಲೆಯನ್ನು ಒಬ್ಬನೇ ಉಳಿಸಿದನೆಂದು ಹೇಳಲಾಗದು.

೧೮೯೮ರಲ್ಲಿ ಪ್ಲೇಗು ಬಂದು ದಂಡು, ಪೇಟೆಗಳೆರಡನ್ನೂ ತಲ್ಲಣಗೊಳಿಸಿತು; ಜನರು ಮನೆಗಳನ್ನು ತೊರೆದು ಬಯಲಿನ ಗುಡಿಸಲುಗಳಿಗೆ ಹೋದರು. ಅನಂತರದ ವರ್ಷಗಳಲ್ಲಿ ಸಂಸ್ಥಾನವು ಕಾಯಿದೆಗಳ ಮೂಲಕ ಪ್ರಾಥಮಿಕ ವಿದ್ಯೆಯನ್ನು ಹರಡಲೆಳಸಿತು. ೧೯೧೩ರ ಶಾಸನವು ಆರಿಸಿದ ಸ್ಥಳಗಳಲ್ಲಿ ಕಡ್ಡಾಯ ವಿದ್ಯಾಭ್ಯಾಸಕ್ಕೆ ದಾರಿಮಾಡಿತು. ೧೯೧೫ರ ಆಜ್ಞೆಯು ಇವೆಲ್ಲಕ್ಕಿಂತಲೂ ಮಿಗಿಲಾದುದು: ಪಂಚಮರೆಂದು ಅಂದು ಕರೆಯಲ್ಪಡುತ್ತಿದ್ದವರ ಮಕ್ಕಳಿಗೆ ಸರ್ಕಾರಿ ಶಾಲೆಗಳ ಬಾಗಿಲು ತೆರೆದಿರಬೇಕೆಂದು ಅದು ವಿಧಿಸಿತು. ಕೆಲವೆಡೆಗಳಲ್ಲಿ ಉಳಿದವರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದರು. ಊರಿನವರು ಕಟ್ಟಿಕೊಟ್ಟ ಮನೆಯೆಂಬ ಹೆಮ್ಮೆಯೇ, ಊರಿನ ಮತ್ತೊಂದು ಭಾಗವನ್ನು ಹೊರಗಿಡುವುದಕ್ಕೂ ನೆಪವಾಯಿತು. ಕೂಲಿಮಠವು ನಮಗೆ ಬಿಟ್ಟುಹೋದ ಗುಣದೊಡನೆ ಅದರ ದೋಷವೂ ಬಂದಿದ್ದಿತು. ಅದನ್ನು ಊರು ತಾನಾಗಿ ತೊಳೆದುಕೊಳ್ಳಲಿಲ್ಲ, ಸರ್ಕಾರವು ಕೈಹಾಕಬೇಕಾಯಿತು.

೧೯೩೦ರ ಶಾಸನವು ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ವಶಕ್ಕೆ ಒಪ್ಪಿಸಿತು. ಹತ್ತು ವರ್ಷಗಳಲ್ಲಿಯೇ ಆ ಪ್ರಯೋಗವು ಬಳಲಿ, ೧೯೪೧ರ ಶಾಸನದಿಂದ ಸರ್ಕಾರವೇ ಮತ್ತೆ ಎಲ್ಲ ಹೊಣೆಯನ್ನೂ ಹೊತ್ತಿತು. ಉಪಾಧ್ಯಾಯರಿಗೆ ಇದರಿಂದ ನೆಮ್ಮದಿಯಾದುದು ನಿಜ. ಆದರೆ 'ನಮ್ಮ ಶಾಲೆ'ಯೆಂಬ ಮಾತು ಜನರ ಬಾಯಲ್ಲಿ ಮೆಲ್ಲಮೆಲ್ಲನೆ 'ಗೌರ್ಮೆಂಟು ಸ್ಕೂಲ್' ಆದುದೂ ನಿಜ. ೧೯೪೯ರಲ್ಲಿ ದಂಡು, ಪೇಟೆಗಳ ಪುರಸಭೆಗಳು ಒಂದಾಗಿ ಕಾರ್ಪೊರೇಷನ್ ಆಯಿತು. ಕೃಷ್ಣರಾಜಪುರದ ಮಗ್ಗುಲಲ್ಲಿ ದೂರವಾಣಿ ಕಾರ್ಖಾನೆಯು ೧೯೪೮ರಲ್ಲಿ ಹುಟ್ಟಿತು. ಬಿನ್ನಮಂಗಲದ ಹೊಲಗಳ ಮೇಲೆ ಮುಂದೆ ಇಂದಿರಾನಗರವೆದ್ದಿತು. ಹೊಸ ಬಡಾವಣೆಗಳ ಅನುಕೂಲಸ್ಥರು ತಮ್ಮ ಮಕ್ಕಳನ್ನು ಬೇರೆ ಶಾಲೆಗಳಿಗೆ ಕಳುಹಿಸಿದರು. ಹಳೆಯ ಹಳ್ಳಿಯ ಶಾಲೆಗೆ ಉಳಿದವರು ಬಡವರ ಮಕ್ಕಳು. ಸೂರು ಸೋರಿದರೆ ಕೇಳುವ ದನಿಯುಳ್ಳವರು ಅಲ್ಲಿ ಕಡಿಮೆಯಾದರು. ನಗರದ ಮೂಡಣ ಭಾಗಕ್ಕೆ ಆದ ನಷ್ಟಗಳಲ್ಲಿ ಕೆರೆಗಳ ಮಾತನ್ನು ಎಲ್ಲರೂ ಆಡುವರು. ಈ ನಷ್ಟವನ್ನು ಎತ್ತಿ ಹೇಳುವವರು ವಿರಳ.

ಕಳಚಿಹೋದ ಕೊಂಡಿಯನ್ನು ಮತ್ತೆ ಬೆಸೆಯುವ ಯತ್ನವು ೨೦೦೧ರ ಏಪ್ರಿಲ್ ತಿಂಗಳಲ್ಲಿ ನಡೆಯಿತು. ಕರ್ನಾಟಕ ಸರ್ಕಾರವು ಪ್ರತಿಯೊಂದು ಸರ್ಕಾರಿ ಶಾಲೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಏರ್ಪಡಿಸಿ, ಹೆತ್ತವರನ್ನೇ ಅದರ ಸದಸ್ಯರನ್ನಾಗಿ ಮಾಡಿತು. ೨೦೧೦ರಲ್ಲಿ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಇದನ್ನು ದೇಶಕ್ಕೆಲ್ಲ ವಿಸ್ತರಿಸಿ, ಇಂತಹ ಸಮಿತಿಯ ಮುಕ್ಕಾಲು ಪಾಲು ತಂದೆತಾಯಿಗಳೂ ಪೋಷಕರೂ ಇರಬೇಕೆಂದು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದು ವಿಧಿಸಿತು. ೬೦ ಹುಡುಗಿಯರ ಆ ಹಳೆಯ ಲೆಕ್ಕವನ್ನು ನೆನೆದವರಿಗೆ ಈ ವಿಧಿಯ ತೂಕವು ತಿಳಿಯದಿರದು. ೨೦೦೨ರಿಂದ ಬಂದ ಮಧ್ಯಾಹ್ನದ ಊಟಕ್ಕೆ ನಮ್ಮ ರಾಜ್ಯದಲ್ಲಿ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟರು. ಶರಣರ ಮಾತೊಂದು ಸರ್ಕಾರದ ಕಡತವನ್ನು ಸೇರಿದುದು ಸಂತೋಷದ ಸಂಗತಿ. ಆದರೆ ದಾಸೋಹವೆಂದರೆ ಬಡಿಸುವುದಷ್ಟೇ ಅಲ್ಲ, ದುಡಿದುದನ್ನು ತಂದು ಒಪ್ಪಿಸುವುದೂ ಹೌದೆಂಬುದನ್ನು ಈ ಸಂಪುಟದ ವಾಚಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಮಿತಿಯು ಕಾಗದದ ಮೇಲೆ ಎಲ್ಲೆಡೆಯೂ ಇದೆ. ಅದು ನಡೆಯುವ ಬಗೆಯು ಮಾತ್ರ ಶಾಲೆಯಿಂದ ಶಾಲೆಗೆ ಬೇರೆ. ಮೂಡಣ ಬಡಾವಣೆಗಳ ಶಾಲೆಗಳಲ್ಲಿ ಈಗ ಕಲಿಯುವವರಲ್ಲಿ ಅನೇಕರು ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಹೊರನಾಡುಗಳಿಂದ ಬಂದವರ ಮಕ್ಕಳೂ ಉಂಟು. ಎರಡು ಶತಮಾನಗಳ ಹಿಂದೆ ದಂಡಿಗೆ ಬಂದವರಂತೆಯೇ ಇವರೂ ತಗಡಿನ ಸೂರುಗಳಲ್ಲಿದ್ದು, ಮಕ್ಕಳನ್ನು ಮಾತ್ರ ಶಾಲೆಗೆ ಕಳುಹಿಸುತ್ತಾರೆ. ಸಭೆಯನ್ನು ಕರೆಯುವುದು ಹಗಲಿನಲ್ಲಿ. ತಾಯಿಯು ಒಂದು ದಿನದ ಕೂಲಿಯನ್ನು ಬಿಟ್ಟಲ್ಲದೆ ಅದಕ್ಕೆ ಬರಲಾರಳು. ಕೂಲಿಮಠದಲ್ಲಿ ಹೆತ್ತವರು ಕೂಲಿಯನ್ನು ಕೊಟ್ಟು ಶಾಲೆಯನ್ನು ನಡೆಯಿಸಿದರು. ಇಂದಿನ ತಾಯಿಯು ಕೂಲಿಯನ್ನು ಕಳೆದುಕೊಂಡು ಅದರ ಹೊಣೆಯಲ್ಲಿ ಕುಳಿತುಕೊಳ್ಳಬೇಕಾಗಿದೆ. ಆ ಸಭೆಯನ್ನು ಅವಳ ಕೆಲಸದ ವೇಳೆಗೆ ಹೊಂದುವಂತೆ ಭಾನುವಾರವೋ ಸಂಜೆಯೋ ಕರೆಯುವ ಮುಖ್ಯೋಪಾಧ್ಯಾಯರು ಕೆಲವರಿದ್ದಾರೆ. ಅಂತಹ ಶಾಲೆಗಳಲ್ಲಿ ಹೆಂಗಸರು ಕಂಕುಳ ಕೂಸಿನೊಡನೆ ಬಂದು, ನೀರಿನ ತೊಟ್ಟಿಯನ್ನು ತೊಳೆಯುವವರು ಯಾರು, ರಜೆಯಲ್ಲಿ ಬೀಗದ ಕೈಯು ಯಾರ ಬಳಿ ಇರಬೇಕು ಎಂದು ತಮ್ಮ ತಮ್ಮ ನುಡಿಯಲ್ಲಿ ಚರ್ಚಿಸುವುದನ್ನು ಕೇಳಬಹುದು.