ಕೊಯ್ನಾ: ಸಣ್ಣ ಕಂಪನಗಳು ಹೇಳಿದ ಕಥೆ

ಭೂಕಂಪಗಳ ಇತಿಹಾಸವೆಂದರೆ ಸಾಮಾನ್ಯವಾಗಿ ದೊಡ್ಡ ದುರಂತಗಳ ಇತಿಹಾಸ. ಎಷ್ಟು ಮನೆಗಳು ಬಿದ್ದವು, ಎಷ್ಟು ಜನ ಸತ್ತರು ಎಂಬಲ್ಲಿಗೆ ವಿವರಣೆ ಮುಗಿಯುತ್ತದೆ. ಆದರೆ ಭೂಮಿ ಏಕೆ ನಡುಗಿತು ಎಂಬ ಪ್ರಶ್ನೆಗೆ ಉತ್ತರ ಅನೇಕ ಸಲ ದೊರೆಯುವುದು ಆ ಒಂದು ದೊಡ್ಡ ಕಂಪನದಲ್ಲಲ್ಲ. ಅದರ ಹಿಂದೆ ಮುಂದೆ ಬರುವ, ಜನರ ಅರಿವಿಗೂ ಬಾರದ ಸಾವಿರಾರು ಸಣ್ಣ ಕಂಪನಗಳ ಲೆಕ್ಕದಲ್ಲಿ. ಇದಕ್ಕೆ ನೆರೆಯ ಮಹಾರಾಷ್ಟ್ರದ ಕೊಯ್ನಾ ಒಳ್ಳೆಯ ನಿದರ್ಶನ.

ಕೊಯ್ನಾ ನದಿ ಮಹಾಬಲೇಶ್ವರದ ಬೆಟ್ಟಗಳಲ್ಲಿ ಹುಟ್ಟಿ, ಕರಾಡದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಕೃಷ್ಣೆಯೇ ಮುಂದೆ ಹರಿದು ನಮ್ಮ ರಾಜ್ಯಕ್ಕೆ ಬರುತ್ತಾಳೆ. ಕೊಯ್ನಾ ನದಿಗೆ 103 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ, 1960ರ ದಶಕದ ಆರಂಭದಲ್ಲಿ ನೀರು ತುಂಬಿಸಲಾಯಿತು. ಅಲ್ಪ ಕಾಲದಲ್ಲೇ ಸುತ್ತಲಿನ ಜನರಿಗೆ ಸಣ್ಣ ನಡುಕಗಳು, ನೆಲದೊಳಗಿನ ಗುಡುಗಿನಂಥ ಶಬ್ದಗಳು ಅನುಭವಕ್ಕೆ ಬಂದವು. ದಕ್ಷಿಣ ಭಾರತದ ಪ್ರಸ್ಥಭೂಮಿ ಅಲುಗಾಡದ ನೆಲವೆಂದೇ ಅಂದು ನಂಬಿಕೆ. ಹಾಗಿದ್ದರೂ ನಡುಕಗಳನ್ನು ಅಲಕ್ಷಿಸದೆ, ಆ ಪ್ರದೇಶದಲ್ಲಿ ಭೂಕಂಪಮಾಪಕಗಳನ್ನು ಸ್ಥಾಪಿಸಲಾಯಿತು.

ಈ ಮಾಪಕಗಳು ಮಾಡುವ ಕೆಲಸವೇನು? ಕಂಪನದಿಂದ ಹೊರಡುವ ಅಲೆಗಳಲ್ಲಿ ಪ್ರಾಥಮಿಕ ಅಲೆ ಮೊದಲು ಬರುತ್ತದೆ, ದ್ವಿತೀಯಕ ಅಲೆ ಹಿಂದಿನಿಂದ ಬರುತ್ತದೆ. ಇವೆರಡರ ನಡುವಿನ ಅಂತರವನ್ನು ಸೆಕೆಂಡುಗಳಲ್ಲಿ ಅಳೆದು 8ರಿಂದ ಗುಣಿಸಿದರೆ, ಕಂಪನ ಎಷ್ಟು ಕಿಲೋಮೀಟರ್ ದೂರದಲ್ಲಿ ಹುಟ್ಟಿತೆಂದು ಸ್ಥೂಲವಾಗಿ ತಿಳಿಯುತ್ತದೆ. ಒಂದು ಕೇಂದ್ರ ದೂರವನ್ನು ಮಾತ್ರ ಹೇಳಬಲ್ಲದು. ಮೂರು ಕೇಂದ್ರಗಳ ದೂರಗಳನ್ನು ತ್ರಿಜ್ಯವಾಗಿಸಿ ನಕ್ಷೆಯಲ್ಲಿ ವೃತ್ತಗಳನ್ನು ಎಳೆದರೆ, ಅವು ಕೂಡುವಲ್ಲಿ ಕಂಪನದ ಸ್ಥಳ ಸಿಗುತ್ತದೆ. ಹೀಗೆ ದಿನಾಂಕ, ವೇಳೆ, ಸ್ಥಳ, ಆಳ, ಪರಿಮಾಣ ಇವಿಷ್ಟೂ ಪಟ್ಟಿಯ ಒಂದು ಸಾಲಾಗುತ್ತವೆ.

1967ರ ಡಿಸೆಂಬರ್ 11ರ ನಸುಕಿನಲ್ಲಿ, ಜನ ನಿದ್ರೆಯಲ್ಲಿದ್ದಾಗ, 6.3 ಪರಿಮಾಣದ ಭೂಕಂಪ ಕೊಯ್ನಾನಗರವನ್ನು ಕೆಡವಿತು. ಸುಮಾರು 200 ಜನ ಮಡಿದರು. ಅಣೆಕಟ್ಟಿನಲ್ಲಿ ಬಿರುಕುಗಳು ಬಿದ್ದವು, ಅದು ಒಡೆಯಲಿಲ್ಲ. ಮುಂದೆ ಅದನ್ನು ಬಲಪಡಿಸಲಾಯಿತು.

ದೊಡ್ಡ ಭೂಕಂಪದ ಬೆನ್ನಿಗೆ ಮರುಕಂಪನಗಳು ಬರುವುದು ಸಹಜ. ಜಪಾನಿನ ಫುಸಾಕಿಚಿ ಒಮೊರಿ 1891ರ ಭೂಕಂಪದ ಮರುಕಂಪನಗಳನ್ನು ಎಣಿಸಿ, 1894ರಲ್ಲಿ ಒಂದು ನಿಯಮವನ್ನು ಮುಂದಿಟ್ಟರು. ಅದರ ಪ್ರಕಾರ ಮರುಕಂಪನಗಳ ಸಂಖ್ಯೆ ಕಾಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಮೊದಲ ದಿನ 100 ಆದರೆ ಹತ್ತನೆಯ ದಿನ ಹತ್ತರ ಆಸುಪಾಸು. ಈ ಲೆಕ್ಕದಲ್ಲಿ ಕೊಯ್ನಾ ಕೆಲವು ವರ್ಷಗಳಲ್ಲಿ ಬಹುಮಟ್ಟಿಗೆ ಶಾಂತವಾಗಬೇಕಿತ್ತು.

ಹಾಗಾಗಲಿಲ್ಲ. ವರ್ಷ ವರ್ಷದ ದಾಖಲೆಗಳನ್ನು ಜಲಾಶಯದ ನೀರಿನ ಮಟ್ಟದೊಂದಿಗೆ ಹೋಲಿಸಿದಾಗ, ಮಳೆಗಾಲದಲ್ಲಿ ನೀರು ತುಂಬಿದ ಮೇಲೆ ಕಂಪನಗಳು ಹೆಚ್ಚುವುದು ಕಂಡುಬಂತು. 1985ರಲ್ಲಿ ದಕ್ಷಿಣದ ವಾರಣಾ ಜಲಾಶಯದಲ್ಲಿ ನೀರು ನಿಲ್ಲತೊಡಗಿದ ಬಳಿಕ, ಆ ಕಡೆಗೂ ಕಂಪನಗಳು ಹೆಚ್ಚಿದವು. 1993-94ರಲ್ಲಿ ಅಲ್ಲಿ 5ಕ್ಕೂ ಹೆಚ್ಚು ಪರಿಮಾಣದ ಕಂಪನಗಳಾದವು. 1967ರಿಂದ ಈಚೆಗೆ ಕೊಯ್ನಾ-ವಾರಣಾ ಪ್ರದೇಶದಲ್ಲಿ 5 ಅಥವಾ ಹೆಚ್ಚಿನ ಪರಿಮಾಣದ ಕಂಪನಗಳು 20ಕ್ಕೂ ಹೆಚ್ಚು, ಸಣ್ಣವು ಸಾವಿರಾರು. ಇವು ಬರೀ ಮರುಕಂಪನಗಳಲ್ಲ, ಜಲಾಶಯದಿಂದ ಪ್ರಚೋದಿತವಾದ ಕಂಪನಗಳು ಎಂಬ ವಾದಕ್ಕೆ ಬಲ ಬಂದದ್ದು ಈ ಪಟ್ಟಿಯಿಂದ. 'ಪ್ರಚೋದಿತ' ಎಂಬ ಮಾತನ್ನು ಗಮನಿಸಬೇಕು. ಶಕ್ತಿ ನೀರಿನದಲ್ಲ, ಬಂಡೆಗಳಲ್ಲಿ ಮೊದಲೇ ಸಂಚಯವಾದದ್ದು. ಬಿರುಕುಗಳೊಳಗೆ ಇಳಿದ ನೀರಿನ ಒತ್ತಡ ಅದಕ್ಕೆ ಬಿಡುಗಡೆಯ ದಾರಿ ತೋರಿಸುತ್ತದೆ.

ಪಟ್ಟಿಯನ್ನು ಓದುವಾಗಲೂ ಎಚ್ಚರ ಬೇಕು. ಹೆಚ್ಚು ಸೂಕ್ಷ್ಮವಾದ ಮಾಪಕಗಳು ಬಂದ ವರ್ಷ ಕಂಪನಗಳ ಸಂಖ್ಯೆ ಏರುತ್ತದೆ. ಏರಿದ್ದು ಭೂಮಿಯ ನಡುಕವಲ್ಲ, ನಮ್ಮ ಶ್ರವಣಶಕ್ತಿ. ದೊಡ್ಡ ಕಂಪನದ ಮರುಗಳಿಗೆಯಲ್ಲಾಗುವ ಸಣ್ಣವು ಅದರ ಅಲೆಗಳಲ್ಲೇ ಮುಳುಗಿಹೋಗುತ್ತವೆ. ಆದ್ದರಿಂದ ಯಾವ ಪರಿಮಾಣದವರೆಗೆ ಪಟ್ಟಿ ಪೂರ್ಣವಾಗಿದೆ ಎಂಬುದನ್ನು ಮೊದಲು ನಿರ್ಧರಿಸಿ, ಬಳಿಕವೇ ವರ್ಷಗಳನ್ನು ಹೋಲಿಸಬೇಕು.

ಈ ಲೆಕ್ಕದಿಂದ ಜನರಿಗಾದ ಪ್ರಯೋಜನವೇನು? 1970ರಲ್ಲಿ ಭಾರತದ ಭೂಕಂಪ ವಲಯ ನಕ್ಷೆಯನ್ನು ಪರಿಷ್ಕರಿಸಿದಾಗ 'ಶೂನ್ಯ ವಲಯ'ವನ್ನೇ ಕೈಬಿಡಲಾಯಿತು. ಭೂಕಂಪದ ಭಯವೇ ಇಲ್ಲದ ನೆಲ ದೇಶದಲ್ಲಿಲ್ಲ ಎಂಬ ತಿಳಿವಳಿಕೆ ಕಟ್ಟಡ ಕಟ್ಟುವವರ ನಿಯಮಗಳೊಳಗೆ ಬಂತು. 2017ರಲ್ಲಿ ಕೊಯ್ನಾ ಪ್ರದೇಶದಲ್ಲಿ 3 ಕಿಲೋಮೀಟರ್ ಆಳದ ಪ್ರಾಯೋಗಿಕ ಕೊಳವೆ ಬಾವಿಯನ್ನು ಕೊರೆದು, ಕಂಪನಗಳು ಹುಟ್ಟುವ ಬಂಡೆಗಳನ್ನು ಇನ್ನಷ್ಟು ಹತ್ತಿರದಿಂದ ಅರಿಯುವ ಕೆಲಸ ನಡೆಯಿತು.

ಕುಸಿದ ಗೋಡೆಯನ್ನು ದೂರದರ್ಶನದ ತೆರೆಯ ಮೇಲೆ ತೋರಿಸುವುದು ಸುಲಭ. ದಿನವೂ ಸೂಕ್ಷ್ಮ ರೇಖೆಗಳನ್ನು ಓದಿ, ಒಂದೊಂದು ಸಾಲು ಬರೆದಿಟ್ಟವರ ದುಡಿಮೆ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಭೂಕಂಪದ ದಿನವನ್ನು ಆ ಸಾಲುಗಳೂ ಹೇಳಲಾರವು. ಆದರೆ ಎಲ್ಲಿ ಮನೆಯನ್ನು ಗಟ್ಟಿಯಾಗಿ ಕಟ್ಟಬೇಕು, ಎಲ್ಲಿ ಜಲಾಶಯದ ಮೇಲೆ ಕಣ್ಣಿಡಬೇಕು ಎಂಬುದನ್ನು ಹೇಳುತ್ತವೆ. ಅಣೆಕಟ್ಟಿನ ಕೆಳಗೆ ಬದುಕುವವರಿಗೆ ಇದು ಸಣ್ಣ ಮಾತಲ್ಲ.