ಹೆಸರು ದಾರಿ ತಪ್ಪಿಸಿದ ಕಾಯಿಲೆ

ರಾಜರ ಹಾಗೂ ಯುದ್ಧಗಳ ಚರಿತ್ರೆ ಓದುವ ನೀವು ಒಂದು ಕಾಯಿಲೆಯ ಹೆಸರಿನ ಚರಿತ್ರೆಯನ್ನೂ ತಿಳಿಯಬೇಕು. ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂದರೆ ಅಂಡಾಶಯದಲ್ಲಿ ಹಲವು ನೀರುಗುಳ್ಳೆಗಳಿರುವ ತೊಂದರೆ ಎಂದರ್ಥ. ಆದರೆ ಅವು ಗುಳ್ಳೆಗಳೇ ಅಲ್ಲ!

1935ರಲ್ಲಿ ಅಮೆರಿಕದ ಷಿಕಾಗೋ ನಗರದ ವೈದ್ಯರಾದ ಇರ್ವಿಂಗ್ ಸ್ಟೈನ್ ಮತ್ತು ಮೈಕೇಲ್ ಲೆವೆಂತಾಲ್ ಏಳು ಮಂದಿ ಮಹಿಳೆಯರ ವಿವರಗಳನ್ನು ಪ್ರಕಟಿಸಿದರು. ಅವರಿಗೆ ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ; ಕೆಲವರ ಮುಖದ ಮೇಲೆ ಕೂದಲು ಬೆಳೆದಿತ್ತು. ಅಲ್ಟ್ರಾಸೌಂಡ್ ಇಲ್ಲದ ಕಾಲವದು. ಹೊಟ್ಟೆ ತೆರೆದು ನೋಡಿದಾಗ ಊದಿಕೊಂಡ ಅಂಡಾಶಯಗಳು ಕಂಡವು. ಅವುಗಳ ದಪ್ಪ ಹೊದಿಕೆಯಡಿ ಸಾಲುಗಟ್ಟಿದ ಪುಟ್ಟ ಗುಳ್ಳೆಗಳಿದ್ದವು. ವೈದ್ಯರು ಪ್ರತಿ ಅಂಡಾಶಯದಿಂದ ಬೆಣೆಯಾಕಾರದ ತುಂಡನ್ನು ಕತ್ತರಿಸಿ ತೆಗೆದರು. ಏಳೂ ಮಂದಿಗೆ ಮುಟ್ಟು ಮರಳಿತು, ಇಬ್ಬರು ಗರ್ಭಿಣಿಯರಾದರು. ಮುಂದೆ ಹಲವು ದಶಕ ಕತ್ತರಿಯೇ ಚಿಕಿತ್ಸೆಯಾಯಿತು. ವಿಪರ್ಯಾಸವೆಂದರೆ, ಗಾಯ ಮಾಯುವಾಗ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡು, ಗರ್ಭಧಾರಣೆಗೆ ಅದೇ ಅಡ್ಡಿಯಾಗುವುದೂ ಇತ್ತು.

ಹಾಗಾದರೆ ಆ ಗುಳ್ಳೆಗಳು ಏನು? ಪ್ರತಿ ತಿಂಗಳು ಅಂಡಾಣುಗಳನ್ನು ಹೊತ್ತ ಕೆಲವು ಪುಟ್ಟ ಚೀಲಗಳು ಬೆಳೆಯತೊಡಗುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದು ಪಕ್ವವಾಗಿ, ಒಡೆದು, ಅಂಡಾಣುವನ್ನು ಹೊರಬಿಡುತ್ತದೆ. ಇಲ್ಲಿ ಅವು ಅರ್ಧದಲ್ಲೇ ನಿಂತುಬಿಡುತ್ತವೆ. ಅನೇಕರಲ್ಲಿ ಇದರ ಬೇರು ಅಂಡಾಶಯದಾಚೆ ಇದೆ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಅದರ ಒತ್ತಡದಿಂದ ಅಂಡಾಶಯ ಆಂಡ್ರೊಜನ್ ಎಂಬ ಹಾರ್ಮೋನನ್ನು ಅತಿಯಾಗಿ ತಯಾರಿಸುತ್ತದೆ. ಮೊಡವೆ, ಮುಖದ ಕೂದಲು, ತಪ್ಪುವ ಮುಟ್ಟು, ಎಲ್ಲಕ್ಕೂ ಇದರ ನಂಟಿದೆ. ಸಣಕಲು ಮೈಯವರಿಗೂ ಇದು ಬರಬಹುದು.

ಈ ಎಳೆ ಹಿಂದೆಯೇ ಕಂಡಿತ್ತು. 1921ರಲ್ಲೇ ಫ್ರಾನ್ಸಿನ ಅಷಾರ್ ಮತ್ತು ತಿಯೇರ್ 'ಗಡ್ಡವಿರುವ ಹೆಂಗಸರ ಮಧುಮೇಹ'ದ ಬಗ್ಗೆ ಬರೆದಿದ್ದರು. ಹೆಸರು ಕ್ರೂರವಾದರೂ ಸುಳಿವು ಸರಿಯಾಗಿತ್ತು. ಆದರೆ ವೈದ್ಯಲೋಕದ ಕಣ್ಣು ಗುಳ್ಳೆಗಳ ಮೇಲೆಯೇ ನೆಟ್ಟಿತು. ಇನ್ಸುಲಿನ್ ಸಂಬಂಧ ಸ್ಪಷ್ಟವಾಗಲು 1980 ಬರಬೇಕಾಯಿತು. 2012ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೊಂದು ಈ ಹೆಸರನ್ನೇ ಬದಲಿಸಬೇಕೆಂದು ಹೇಳಿತು.

ಇದು ಬರೀ ಪದದ ಜಗಳವೆಂದು ತಿಳಿಯಬೇಡಿ. ಗುಳ್ಳೆಯ ಮಾತು ಕೇಳಿದ ಹುಡುಗಿ, ತನಗೆ ಮಕ್ಕಳೇ ಆಗುವುದಿಲ್ಲವೆಂದು ಕಂಗಾಲಾಗುತ್ತಾಳೆ. ವಾಸ್ತವದಲ್ಲಿ ಚಿಕಿತ್ಸೆಯಿಂದ ಬಹಳ ಮಂದಿ ತಾಯಂದಿರಾಗುತ್ತಾರೆ. ಗಮನ ಬೇಕಾಗಿರುವುದು ಬೇರೆಡೆ: ಮುಂದೆ ಬರಬಹುದಾದ ಮಧುಮೇಹದ ಕಡೆಗೆ, ವರ್ಷಗಟ್ಟಲೆ ಮುಟ್ಟು ತಪ್ಪಿದಾಗ ದಪ್ಪವಾಗುವ ಗರ್ಭಕೋಶದ ಒಳಪದರದ ಕಡೆಗೆ. ಆ ಪದರದಲ್ಲಿ ಕ್ಯಾನ್ಸರಿನ ಅಪಾಯವೂ ಹೆಚ್ಚು.

ಇನ್ನೊಂದು ಮಾತು. ಆರೋಗ್ಯವಂತ ಹುಡುಗಿಯರಲ್ಲೂ ಇಂಥ ಚೀಲಗಳು ಸ್ಕ್ಯಾನಿನಲ್ಲಿ ಕಾಣುವುದು ಸಾಮಾನ್ಯ. ಆದ್ದರಿಂದಲೇ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯು, ಮೊದಲ ಮುಟ್ಟಾಗಿ ಎಂಟು ವರ್ಷ ಕಳೆಯದವರಲ್ಲಿ ಸ್ಕ್ಯಾನ್ ನೋಡಿ ಈ ಕಾಯಿಲೆಯನ್ನು ನಿರ್ಧರಿಸಬಾರದೆಂದಿತು. ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಿ. ಹೋಗುವಾಗ ಸ್ಕ್ಯಾನಿನ ಚಿತ್ರಕ್ಕಿಂತ ಮೊದಲು ನಿಮ್ಮ ಮುಟ್ಟಿನ ತಾರೀಖುಗಳನ್ನು ಬರೆದ ಚೀಟಿಯನ್ನು ಕೊಂಡೊಯ್ಯಿರಿ.