ನಾನೂರು ಗಜಗಳ ದೂರ

ಹೇಳುವವನಿಗೆ ಅವಸರ, ಕೇಳುವವನಿಗೆ ನಿಧಾನ. ನಡುವಿನ ಮಾತು ಎಲ್ಲಿ ತಂಗಬೇಕು? ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಗಳು ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡ ಬಗೆಯನ್ನು ನಾವು ಇತಿಹಾಸವೆಂದು ಓದುವುದು ಕಡಿಮೆ.

1973ರಲ್ಲಿ, ಡಗ್ಲಸ್ ಮೆಕಿಲ್‌ರಾಯ್ ಅವರ ಬಹುಕಾಲದ ಒತ್ತಾಯದ ಮೇಲೆ, ಕೆನ್ ಥಾಂಪ್ಸನ್ ಯುನಿಕ್ಸ್‌ಗೆ ‘ಪೈಪ್’ ಸೇರಿಸಿದರು. ಆರಂಭದ ದಿನಗಳಲ್ಲಿ ಅದರ ಒಡಲು 4096 ಬೈಟು. ಅದು ತುಂಬಿತೆಂದರೆ ಬರೆಯುವ ಪ್ರೋಗ್ರಾಂ ನಿದ್ರಿಸಬೇಕು. ಓದುವ ಪ್ರೋಗ್ರಾಂ ಖಾಲಿ ಮಾಡಿದ ಮೇಲೆ ಏಳಬೇಕು. ಇಬ್ಬರನ್ನೂ ಬಲ್ಲ ಒಡೆಯ ಒಬ್ಬನೇ ಆದ್ದರಿಂದ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ.

1983ರ 4.2 ಬಿಎಸ್‌ಡಿ ಯುನಿಕ್ಸ್ ‘ಸಾಕೆಟ್’ ಎಂಬ ಒಂದೇ ಬಾಗಿಲನ್ನು ತೆರೆಯಿತು: ಪಕ್ಕದ ಪ್ರೋಗ್ರಾಮಿಗೂ ಪರವೂರಿನ ಯಂತ್ರಕ್ಕೂ ಅದೇ ದಾರಿ. ಪಡೆಯುವ ಯಂತ್ರವು ತನ್ನ ಬಫರಿನಲ್ಲಿ ಉಳಿದಿರುವ ಜಾಗವನ್ನು ಕಳುಹಿಸುವ ಯಂತ್ರಕ್ಕೆ ತಿಳಿಸುತ್ತಿತ್ತು. ಎರಡು ತುದಿಗಳ ಸಂಕೋಚವೇನೋ ಹೀಗೆ ನೀಗಿತು. ನಡುದಾರಿಯ ಗೇಟ್‌ವೇಯ ಕಷ್ಟವನ್ನು ಕೇಳುವವರಿರಲಿಲ್ಲ.

1986ರ ಅಕ್ಟೋಬರಿನಲ್ಲಿ ಆ ಕಷ್ಟ ಸ್ಫೋಟಿಸಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದದ್ದು ಸುಮಾರು 400 ಗಜ. ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದ ಆ ದಾರಿಯಲ್ಲಿ ಸಂಚಾರ 40 ಬಿಟ್‌ಗೆ ಕುಸಿಯಿತು. ಎಂಟುನೂರರಲ್ಲಿ ಒಂದು ಪಾಲು! ನಡೆದೇ ಹೋಗಿ ಕಾಗದ ಕೊಟ್ಟು ಬಂದಿದ್ದರೆ ಬೇಗ ಮುಗಿಯುತ್ತಿತ್ತು. ಗೇಟ್‌ವೇಯ ಬಫರ್ ತುಂಬಿ ಪ್ಯಾಕೆಟ್‌ಗಳು ಬೀಳುತ್ತಿದ್ದವು. ಬಿದ್ದುದನ್ನು ಕಂಡ ಯಂತ್ರಗಳು ತಡೆದು ನಿಲ್ಲದೆ ಮತ್ತೆ ಮತ್ತೆ ಸುರಿಯುತ್ತಿದ್ದವು.

ವ್ಯಾನ್ ಜೇಕಬ್‌ಸನ್ ಮತ್ತು ಮೈಕೆಲ್ ಕ್ಯಾರೆಲ್ಸ್ ಪರಿಹಾರವನ್ನು ಹುಡುಕಿದ್ದು ತಂತಿಯಲ್ಲಲ್ಲ, ಬಿಎಸ್‌ಡಿಯ ಟಿಸಿಪಿ ಕೋಡಿನಲ್ಲಿ. ಮೊದಲು ಅಳುಕುತ್ತ ಕಳುಹಿಸು, ಒಪ್ಪಿಗೆ ಬಂದಂತೆ ಹೆಚ್ಚಿಸು, ಪ್ಯಾಕೆಟ್ ಕಳೆದರೆ ಅದನ್ನು ದಟ್ಟಣೆಯ ಸೂಚನೆಯೆಂದು ತಿಳಿದು ಹಿಂಜರಿ. 1988ರಲ್ಲಿ ಈ ವಿಚಾರ ಪ್ರಬಂಧವಾಗಿಯೂ ‘ಟಾಹೋ’ ಆವೃತ್ತಿಯ ಕೋಡಾಗಿಯೂ ಹೊರಬಂತು.

ಜಾನ್ ನೇಗಲ್ ಇಂಥ ಕುಸಿತದ ಬಗ್ಗೆ 1984ರಲ್ಲೇ ಎಚ್ಚರಿಸಿದ್ದರು. ಮರುವರ್ಷ ಅವರು ಇನ್ನೂ ವಿಚಿತ್ರವಾದುದನ್ನು ತೋರಿಸಿದರು: ಅನಂತ ಬಫರ್ ಕೊಟ್ಟರೂ ಬಿಡುಗಡೆಯಿಲ್ಲ, ಸರದಿ ಬೆಳೆದಷ್ಟೂ ಪ್ಯಾಕೆಟ್‌ಗಳು ಕಾಯುತ್ತಲೇ ಆಯುಸ್ಸು ಕಳೆದುಕೊಳ್ಳುತ್ತವೆ. ನಮ್ಮ ದೃಷ್ಟಿಯಲ್ಲಿ ಇಡೀ ಕತೆಯ ತಿರುಳು ಇದೇ. ಆದರೂ ಮೆಮೊರಿ ಅಗ್ಗವಾದಂತೆ ಲೋಕ ಅದನ್ನು ಮರೆಯಿತು. 2010ರ ಸುಮಾರಿಗೆ ಜಿಮ್ ಗೆಟಿಸ್ ತಮ್ಮ ಮನೆಯ ಸಂಪರ್ಕದಲ್ಲಿಯೇ ಅತಿದೊಡ್ಡ ಬಫರುಗಳ ಕಾಟವನ್ನು ಗುರುತಿಸಿ ಅದಕ್ಕೆ ‘ಬಫರ್‌ಬ್ಲೋಟ್’ ಎಂಬ ಹೆಸರಿಟ್ಟರು. ಊರಿನಲ್ಲಿರುವ ತಾಯಿಯೊಡನೆ ವಿಡಿಯೋದಲ್ಲಿ ಮಾತಾಡುವಾಗ, ಮನೆಯವರಾರೋ ದೊಡ್ಡ ಫೈಲ್ ಕಳುಹಿಸತೊಡಗಿದೊಡನೆ ಪ್ರಶ್ನೆಯೊಂದು ಉತ್ತರವೊಂದಾಗುವ ಅನುಭವ ನಮ್ಮಲ್ಲಿ ಹಲವರಿಗಿದೆ. ಅದರ ಹಿಂದೆ ಅನೇಕ ವೇಳೆ ಈ ಕಾಟವೇ ಇರುತ್ತದೆ.

2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಅವರೊಡನೆ ಜೇಕಬ್‌ಸನ್ ಮತ್ತೆ ಬಂದರು. ಅವರ ‘ಕೋಡೆಲ್’ ಸರದಿಯ ಉದ್ದವನ್ನು ಅಳೆಯುವುದಿಲ್ಲ. ಪ್ರತಿ ಪ್ಯಾಕೆಟ್ ಅಲ್ಲಿ ಎಷ್ಟು ಹೊತ್ತು ಕಾಯಿತೆಂದು ಅಳೆಯುತ್ತದೆ.